ಚಿಕುನ್‌ಗುನ್ಯ: ಒಂದಕ್ಷರದ ತಿದ್ದುಪಡಿ, ಎರಡು ಸೊಳ್ಳೆ

ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಚಿಕುನ್‌ಗುನ್ಯ ಕಾಲಿಟ್ಟದ್ದು 2005ರ ಮೊದಲ ತಿಂಗಳುಗಳಲ್ಲಿ. ಮೊದಲ ಅಲೆ ಚಿಕ್ಕದು. ಅಲ್ಲಿನ ಚಳಿಗಾಲ ಬಂದಾಗ ರೋಗ ಬಹುಮಟ್ಟಿಗೆ ತಣ್ಣಗಾಯಿತು. ವರ್ಷದ ಕೊನೆಗೆ ಮತ್ತೆ ಎದ್ದದ್ದು ಮಾತ್ರ ಬೇರೆಯದೇ ವೇಗದಲ್ಲಿ: 2006ರ ಫೆಬ್ರುವರಿಯಲ್ಲಿ ವಾರವೊಂದಕ್ಕೇ 40 ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಒಟ್ಟು ಲೆಕ್ಕ ಸುಮಾರು 2.66 ಲಕ್ಷ, ದ್ವೀಪದ ಜನಸಂಖ್ಯೆಯೇ ಆಗ 8 ಲಕ್ಷಕ್ಕಿಂತ ಕಡಿಮೆ. ರೋಗಿಗಳ ರಕ್ತದಿಂದ ತೆಗೆದ ವೈರಸ್‌ಗಳ ಜೀನೋಮನ್ನು, ಅಂದರೆ ಅವುಗಳ ಆನುವಂಶಿಕ ಬರಹವನ್ನು, ಸಾಲಾಗಿಟ್ಟು ಓದಿದಾಗ, ಮೊದಲ ಅಲೆಯ ವೈರಸ್‌ಗಳಲ್ಲಿ ಇಲ್ಲದ ಒಂದು ಬದಲಾವಣೆ ಸೆಪ್ಟೆಂಬರ್ ನಂತರದ ಮಾದರಿಗಳಲ್ಲಿ ಶೇ 90ಕ್ಕಿಂತ ಹೆಚ್ಚಿನವುಗಳಲ್ಲಿ ಕಂಡಿತು. ಇ1 ಎಂಬ ಹೊರಕವಚದ ಪ್ರೋಟೀನಿನ 226ನೇ ಸ್ಥಾನದಲ್ಲಿ ಅಲನಿನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಇಟ್ಟಿಗೆ) ಹೋಗಿ ವ್ಯಾಲಿನ್ ಬಂದಿತ್ತು. ಅಲನಿನ್‌ನ ಗುರುತು ಎ, ವ್ಯಾಲಿನ್‌ನದು ವಿ; ಹಾಗಾಗಿ ಇದನ್ನೇ ಎ226ವಿ ಎನ್ನುವುದು.

ಈ ಮ್ಯುಟೇಶನ್ ಹೆಸರುವಾಸಿಯಾದ ಮೇಲೆ ‘ವೈರಸ್ ರೂಪ ಬದಲಿಸಿ ಉಗ್ರವಾಯಿತು’ ಎಂಬ ಸಾಲು ಎಲ್ಲೆಡೆ ಓಡಾಡಿತು. ಆ ಸಾಲು ದಾರಿ ತಪ್ಪಿಸುತ್ತದೆ. ಎ226ವಿ ಮಾಡಿದ ದೊಡ್ಡ ಕೆಲಸ ನಡೆದದ್ದು ಮನುಷ್ಯನ ಕೀಲುಗಳಲ್ಲಲ್ಲ, ಒಂದು ಜಾತಿಯ ಸೊಳ್ಳೆಯ ಹೊಟ್ಟೆಯಲ್ಲಿ. ಅದೂ ಎಲ್ಲ ಚಿಕುನ್‌ಗುನ್ಯ ವೈರಸ್‌ಗಳಲ್ಲಿ ನಡೆಯುವ ಕೆಲಸವಲ್ಲ. ಅದೇ ಬದಲಾವಣೆಯನ್ನು ಇನ್ನೊಂದು ಕವಲಿನ ವೈರಸ್‌ಗೆ ಅಂಟಿಸಿದರೆ ಏನೂ ಆಗುವುದಿಲ್ಲ. ಹಾಗಾಗಿ ಮ್ಯುಟೇಶನ್ ಹೆಸರು ಕೇಳಿದೊಡನೆ ಕೇಳಬೇಕಾದ ಪ್ರಶ್ನೆ ಎರಡು: ಯಾವ ವಂಶದ ವೈರಸ್‌ನಲ್ಲಿ? ಯಾವ ಸೊಳ್ಳೆಯ ಊರಲ್ಲಿ?

ಹನ್ನೊಂದು ಸಾವಿರದ ಎಂಟುನೂರು ಅಕ್ಷರ

ಚಿಕುನ್‌ಗುನ್ಯ ಆಲ್ಫಾವೈರಸ್ ಕುಲಕ್ಕೆ ಸೇರಿದ್ದು. 1952–53ರಲ್ಲಿ ಈಗಿನ ಟಾಂಜಾನಿಯದ ಮಕೊಂಡೆ ಪ್ರಸ್ಥಭೂಮಿಯಲ್ಲಿ ಇದು ಮೊದಲು ಗುರುತಿಗೆ ಬಂತು. ಹೆಸರು ಅಲ್ಲಿನ ಮಕೊಂಡೆ ಭಾಷೆಯದು, ನೋವಿಗೆ ಬಾಗಿ ಮುದುಡಿಹೋಗುವುದನ್ನು ಹೇಳುವ ಮಾತು. ಇದರ ಜೀನೋಮ್, ಎ, ಸಿ, ಜಿ, ಯು ಎಂಬ ನಾಲ್ಕೇ ಬಗೆಯ ಅಕ್ಷರಗಳಲ್ಲಿ ಬರೆದ, ಸುಮಾರು 11,800 ಅಕ್ಷರಗಳ ಒಂದೇ ಎಳೆಯ ಆರ್‌ಎನ್‌ಎ. ಜೀವಕೋಶದೊಳಗೆ ಹೋದ ತಕ್ಷಣ ನೇರವಾಗಿ ಓದಿಸಿಕೊಳ್ಳುವ ಬಗೆಯದು. ಮೊದಲ ಮೂರನೇ ಎರಡು ಪಾಲು ನಕಲು ಯಂತ್ರದ ನಾಲ್ಕು ಪ್ರೋಟೀನುಗಳಿಗೆ, ಅಂದರೆ ಎನ್‌ಎಸ್‌ಪಿ1ರಿಂದ ಎನ್‌ಎಸ್‌ಪಿ4ರವರೆಗೆ. ಉಳಿದ ಪಾಲು ವೈರಸ್‌ನ ಮೈಕಟ್ಟಿಗೆ: ಕ್ಯಾಪ್ಸಿಡ್, ಇ3, ಇ2, 6ಕೆ, ಇ1 ಎಂಬ ಕ್ರಮದಲ್ಲಿ ಒಂದೇ ಸರವಾಗಿ ತಯಾರಾಗಿ ಆಮೇಲೆ ತುಂಡಾಗುತ್ತವೆ. ಇ2 ಜೀವಕೋಶವನ್ನು ಹಿಡಿದುಕೊಳ್ಳುತ್ತದೆ. ಇ1 ಒಳಗೆ ಹೋದ ಮೇಲೆ, ಸುತ್ತಲಿನ ಆಮ್ಲೀಯತೆ ಹೆಚ್ಚಿದಾಗ, ವೈರಸ್‌ನ ಪೊರೆಯನ್ನು ಜೀವಕೋಶದ ಪೊರೆಯೊಂದಿಗೆ ಬೆಸೆಯುತ್ತದೆ.

ಇಲ್ಲೊಂದು ಎಣಿಕೆಯ ಗೊಂದಲವಿದೆ, ಸೀಕ್ವೆನ್ಸ್ (ಜೀನೋಮಿನ ಅಕ್ಷರಗಳ ಸಾಲು) ಓದುವವರು ಮತ್ತೆ ಮತ್ತೆ ಎಡವುವ ಜಾಗ. ‘226’ ಎಂದರೆ ಇ1 ಪ್ರೋಟೀನಿನ ಮೊದಲಿಂದ ಎಣಿಸಿದ್ದು. ಡೇಟಾಬೇಸಿನಲ್ಲಿ ಸಿಗುವುದು ಇಡೀ ಸರ. ಕ್ಯಾಪ್ಸಿಡ್ 261, ಇ3 64, ಇ2 423, 6ಕೆ 61 ಸೇರಿ 809 ಅಮೈನೋ ಆಮ್ಲ ದಾಟಿದ ಮೇಲೆ ಇ1 ಶುರು. ಆದ್ದರಿಂದ ಇ1ರ 226 ಎಂದರೆ ಸರದಲ್ಲಿ 1035. ಇ2ರ 210 ಎಂದರೆ ಸರದಲ್ಲಿ 535. ಸರದ 226ನೇ ಸ್ಥಾನ ಕ್ಯಾಪ್ಸಿಡ್‌ನೊಳಗೇ ಬೀಳುತ್ತದೆ. ಅಲ್ಲಿ ಎಷ್ಟು ಹುಡುಕಿದರೂ ಎ226ವಿ ಸಿಗದು. ಜೀನೋಮ್ ಮಟ್ಟದಲ್ಲಿ ಬದಲಾದದ್ದು 10,670ನೇ ಅಕ್ಷರ, ಸಿ ಇದ್ದಲ್ಲಿ ಯು. ಅಲನಿನ್‌ನ ಮೂರಕ್ಷರದ ಕೋಡಾನ್‌ನಲ್ಲಿ ನಡುವಿನ ಸಿ ಯು ಆದರೆ ಅದು ವ್ಯಾಲಿನ್ ಆಗುತ್ತದೆ, ಅಷ್ಟೇ.

ಇಂಥ ತಪ್ಪು ಅಪರೂಪವೇ? ಖಂಡಿತ ಅಲ್ಲ. ಆರ್‌ಎನ್‌ಎ ನಕಲು ಮಾಡುವ ಕಿಣ್ವಕ್ಕೆ ಬರೆದದ್ದನ್ನು ತಿದ್ದಿ ನೋಡುವ ಅಭ್ಯಾಸವಿಲ್ಲ. ಸುಮಾರು ಹತ್ತು ಸಾವಿರ ಅಕ್ಷರಕ್ಕೆ ಒಂದು ತಪ್ಪು ಎಂದು ಹಿಡಿದರೆ ಪ್ರತಿ ಹೊಸ ಪ್ರತಿಯಲ್ಲೂ ಸರಾಸರಿ ಒಂದು ತಪ್ಪಿರುತ್ತದೆ. 11,800 ಜಾಗಗಳಲ್ಲಿ ತಲಾ ಮೂರು ಬಗೆಯ ಬದಲಾವಣೆ ಸಾಧ್ಯ, ಒಟ್ಟು ಸುಮಾರು 35,400. ಜ್ವರದ ಮೊದಲ ದಿನಗಳಲ್ಲಿ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲೇ ಹತ್ತು ಕೋಟಿ ವೈರಸ್ ಜೀನೋಮ್ ಇರುವುದುಂಟು. ಅಂದರೆ ಸಾಧ್ಯವಿರುವ ಪ್ರತಿಯೊಂದು ಒಂದಕ್ಷರದ ಬದಲಾವಣೆಯೂ ಒಬ್ಬನೇ ರೋಗಿಯ ಮೈಯಲ್ಲಿ ಹಲವು ಬಾರಿ ಹುಟ್ಟಿ ಹೋಗಿರುತ್ತದೆ. ಎ226ವಿ ಕೂಡ ಹಾಗೇ ಲೆಕ್ಕವಿಲ್ಲದಷ್ಟು ಸಲ ಹುಟ್ಟಿ ಹೋಗಿದೆ. ಹುಟ್ಟಿದ್ದು ಉಳಿದು ಬಹುಮತಕ್ಕೆ ಬರುವುದೇ ಕಷ್ಟ.

ಕಷ್ಟಕ್ಕೆ ಮುಖ್ಯ ಕಾರಣ ವೈರಸ್‌ನ ಎರಡು ಮನೆಯ ಬಾಳು. ಸುಮಾರು 28 ಡಿಗ್ರಿಯ ಕೀಟದ ಜೀವಕೋಶದಲ್ಲೂ ನಡೆಯಬೇಕು, 39 ಡಿಗ್ರಿ ಜ್ವರದ ಮನುಷ್ಯನಲ್ಲೂ ನಡೆಯಬೇಕು. ಒಂದು ಕಡೆ ಲಾಭ ತರುವ ತಿದ್ದುಪಡಿ ಇನ್ನೊಂದು ಕಡೆ ಮುಳುವಾಗಬಹುದು. ಜೊತೆಗೆ ಸೊಳ್ಳೆಯ ಮೈಯೊಳಗೆ ಸಾಲುಸಾಲು ಇಕ್ಕಟ್ಟಿನ ಬಾಗಿಲುಗಳಿವೆ: ಮೊದಲು ಮಧ್ಯಕರುಳಿನ ಜೀವಕೋಶಗಳಿಗೆ ಸೋಂಕು ತಗುಲಬೇಕು, ಅಲ್ಲಿಂದ ಮೈದ್ರವಕ್ಕೆ ದಾಟಬೇಕು, ಕೊನೆಗೆ ಜೊಲ್ಲಿನ ಗ್ರಂಥಿ ತಲುಪಬೇಕು. ಪ್ರತಿ ಬಾಗಿಲಲ್ಲೂ ಬೆರಳೆಣಿಕೆಯಷ್ಟು ವೈರಸ್ ಮಾತ್ರ ಮುಂದೆ ಹೋಗುತ್ತವೆ. ಹೀಗಾಗಿ ಇಷ್ಟೊಂದು ತಪ್ಪು ಮಾಡುವ ವೈರಸ್ ಕೂಡ ವರ್ಷಕ್ಕೆ ಉಳಿಸಿಕೊಳ್ಳುವುದು ಒಂದು ಜಾಗಕ್ಕೆ ಸುಮಾರು 0.0005 ಬದಲಾವಣೆಯಷ್ಟೇ. 11,800ರಿಂದ ಗುಣಿಸಿ: ವರ್ಷಕ್ಕೆ ಆರರ ಆಸುಪಾಸು, ಎರಡು ತಿಂಗಳಿಗೆ ಒಂದು. ಒಬ್ಬ ರೋಗಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಇನ್ನೊಬ್ಬರಿಗೆ ದಾಟಲು ಎರಡು-ಮೂರು ವಾರ ಸಾಕು. ಹಾಗಾಗಿ ಒಂದೇ ಬೀದಿಯ ಮೂರು-ನಾಲ್ಕು ರೋಗಿಗಳ ಜೀನೋಮ್ ಒಂದಕ್ಷರವೂ ತಪ್ಪದೆ ಒಂದೇ ಆಗಿರಬಹುದು. ಯಾರಿಂದ ಯಾರಿಗೆ ಬಂತು ಎಂದು ಜೀನೋಮ್ ಹೇಳಲಾರದು. ಯಾವ ದೇಶದಿಂದ, ಸುಮಾರು ಯಾವ ತಿಂಗಳು ಬಂತು ಎಂಬುದನ್ನು ಹೇಳಬಲ್ಲದು.

ಸೊಳ್ಳೆಯ ಹೊಟ್ಟೆಯಲ್ಲಿ ಪೈಪೋಟಿ

ರಿಯೂನಿಯನ್‌ನಲ್ಲಿ ಈಡಿಸ್ ಈಜಿಪ್ಟಿ ಎಂಬ ಸೊಳ್ಳೆ ಅಪರೂಪ. ಅಲ್ಲಿ ಮನೆಯಂಗಳ ಆಳುವುದು ಈಡಿಸ್ ಆಲ್ಬೊಪಿಕ್ಟಸ್, ಬೆನ್ನಿನ ನಡುವೆ ಬಿಳಿಯ ಒಂದೇ ಗೆರೆ ಇರುವ, ಏಷ್ಯನ್ ಟೈಗರ್ ಎಂದು ಕರೆಸಿಕೊಳ್ಳುವ ಸೊಳ್ಳೆ. ಚಿಕುನ್‌ಗುನ್ಯದ ಹಳೆಯ ನಗರವಾಹಕ ಈಜಿಪ್ಟಿ. ವೈರಸ್ ಬಂದಿಳಿದದ್ದು ಅದಕ್ಕೆ ಅಷ್ಟಾಗಿ ಒಗ್ಗದ ಸೊಳ್ಳೆಯ ನೆಲದಲ್ಲಿ.

ವ್ಯಾಲಿನ್ ಬಂದದ್ದರಿಂದಲೇ ರೋಗ ಹೆಚ್ಚಿತೇ, ಅಥವಾ ಹೆಚ್ಚುತ್ತಿದ್ದ ರೋಗದ ಜೊತೆ ವ್ಯಾಲಿನ್ ಸುಮ್ಮನೆ ಸವಾರಿ ಮಾಡಿತೇ? ಬರೀ ಸೀಕ್ವೆನ್ಸ್ ನೋಡಿ ಇದನ್ನು ತೀರ್ಮಾನಿಸಲು ಬಾರದು. 2007ರಲ್ಲಿ ಪ್ರಕಟವಾದ ಪ್ರಯೋಗದ ವಿನ್ಯಾಸ ಇಷ್ಟು ಚೆನ್ನಾಗಿದೆ ಎಂದರೆ ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಿಯೂನಿಯನ್ ವೈರಸ್‌ನ ಜೀನೋಮನ್ನು ಡಿಎನ್‌ಎ ರೂಪದಲ್ಲಿ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಹಾಕಿ ಅದರಿಂದ ಎರಡು ವೈರಸ್ ತಯಾರಿಸಲಾಯಿತು: ಒಂದರಲ್ಲಿ 226 ವ್ಯಾಲಿನ್, ಇನ್ನೊಂದರಲ್ಲಿ ಅಲನಿನ್, ಉಳಿದೆಲ್ಲ ಒಂದೇ. ಎರಡನ್ನೂ ಬೆರೆಸಿದ ಮೇಲೆ ಗುರುತು ಹಿಡಿಯಬೇಕಲ್ಲ? ಅದಕ್ಕಾಗಿ ಒಂದಕ್ಕೆ, ಪ್ರೋಟೀನ್ ಬದಲಾಗದಂತೆ, ಎಪಿಎ1 ಎಂಬ ಕತ್ತರಿ ಕಿಣ್ವ ಕಡಿಯುವಂಥ ಒಂದು ಗುರುತನ್ನು ಸೇರಿಸಲಾಯಿತು. ಎರಡನ್ನೂ ಸಮಪ್ರಮಾಣದಲ್ಲಿ ರಕ್ತಕ್ಕೆ ಬೆರೆಸಿ, ಬೆಚ್ಚಗಿಟ್ಟು, ತೆಳು ಪೊರೆಯ ಮೂಲಕ ಸೊಳ್ಳೆಗಳಿಗೆ ಕುಡಿಸಿ, ದಿನಗಳು ಕಳೆದ ಮೇಲೆ ಸೊಳ್ಳೆಯಿಂದ ಆರ್‌ಎನ್‌ಎ ತೆಗೆದು, ಗುರುತಿನ ಜಾಗದ ತುಂಡನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ, ಎಪಿಎ1 ಹಾಕಿ, ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸುವುದು. ಕಡಿದ ಪಟ್ಟಿ ದಟ್ಟವೋ, ಕಡಿಯದ ಪಟ್ಟಿ ದಟ್ಟವೋ ಎಂದು ಕಣ್ಣಲ್ಲೇ ಕಾಣುತ್ತದೆ. ಗುರುತೇ ವೈರಸ್‌ಗೆ ಹೊರೆಯಾಗಿರಬಹುದೆಂಬ ಅನುಮಾನ ಕಳೆಯಲು ಅದನ್ನು ಇನ್ನೊಂದಕ್ಕೆ ವರ್ಗಾಯಿಸಿ ಮತ್ತೆ ಮಾಡಬೇಕು. ಈ ಹೆಜ್ಜೆ ಬಿಟ್ಟ ಪೈಪೋಟಿ ಪ್ರಯೋಗವನ್ನು ನಂಬಬಾರದು.

ಆಲ್ಬೊಪಿಕ್ಟಸ್ ಮೈಯಲ್ಲಿ ವ್ಯಾಲಿನ್ ವೈರಸ್ ಗೆದ್ದಿತು, ಅನುಮಾನಕ್ಕೆ ಎಡೆಯಿಲ್ಲದಂತೆ. ಅರ್ಧದಷ್ಟು ಸೊಳ್ಳೆಗಳಿಗೆ ಸೋಂಕು ತಗುಲಿಸಲು ಬೇಕಾದ ಪ್ರಮಾಣ ಸುಮಾರು ನೂರರಲ್ಲೊಂದಕ್ಕೆ ಇಳಿದಿತ್ತು. ಈಜಿಪ್ಟಿಯಲ್ಲಿ ಹಾಗೇನೂ ಲಾಭವಿಲ್ಲ. ಪ್ರಯೋಗಾಲಯದ ಈ ‘ನೂರು ಪಟ್ಟು’ ಬೀದಿಯಲ್ಲಿ ಏನು ಎಂದು ಲೆಕ್ಕ ಹಾಕೋಣ. ಸೊಳ್ಳೆ ಒಮ್ಮೆ ಕುಡಿಯುವುದು ಎರಡು-ಮೂರು ಮೈಕ್ರೋಲೀಟರ್. ಮಿಲಿಲೀಟರಿಗೆ ಹತ್ತು ಕೋಟಿ ವೈರಸ್ ಇರುವ ದಿನ ಕಚ್ಚಿದರೆ ಅದರ ಹೊಟ್ಟೆಗೆ ಎರಡು ಲಕ್ಷ ಹೋಗುತ್ತವೆ. ಆ ದಿನ ಅಲನಿನ್ ವೈರಸ್ಸೂ ಹರಡೀತು. ಕೆಲವೇ ದಿನಗಳಲ್ಲಿ ರಕ್ತದ ಪ್ರಮಾಣ ಮಿಲಿಲೀಟರಿಗೆ ಒಂದು ಲಕ್ಷಕ್ಕೆ ಇಳಿದಾಗ ಸೊಳ್ಳೆಗೆ ಸಿಗುವುದು ಬರೀ ಇನ್ನೂರು. ಆಗ ನೂರು ಪಟ್ಟು ಕಡಿಮೆ ಸಾಕಾಗುವ ವೈರಸ್‌ಗೆ ಮಾತ್ರ ಅವಕಾಶ. ಅಂದರೆ ಅದೇ ರೋಗಿ, ಅಷ್ಟೇ ಜ್ವರ, ಆದರೆ ಸೊಳ್ಳೆಗೆ ಸೋಂಕು ದಾಟಿಸಬಲ್ಲ ದಿನಗಳು ಮೊದಲಿಗಿಂತ ಹೆಚ್ಚು.

ಯಾಂತ್ರಿಕವಾಗಿ ಇದು ಪೊರೆ ಬೆಸೆಯುವ ಹೆಜ್ಜೆಗೆ ಸಂಬಂಧಿಸಿದ್ದು. 226ನೇ ಜಾಗ ಇ1ರ ಬೆಸುಗೆ ಕೊಕ್ಕೆಯ ನೆರೆಯಲ್ಲಿದೆ. ವ್ಯಾಲಿನ್ ಬಂದಾಗ ಬೆಸುಗೆಗೆ ಕೊಲೆಸ್ಟರಾಲ್‌ನ ಅವಲಂಬನೆ ಹೆಚ್ಚುತ್ತದೆ. ಕೀಟಗಳು ಕೊಲೆಸ್ಟರಾಲನ್ನು ತಾವೇ ತಯಾರಿಸಿಕೊಳ್ಳಲಾರವು, ಆಹಾರದಿಂದಲೇ ಪಡೆಯಬೇಕು. ಹಾಗಾದರೆ ಹೆಚ್ಚು ಕೊಲೆಸ್ಟರಾಲ್ ಬೇಡುವ ವೈರಸ್ ಸೊಳ್ಳೆಯಲ್ಲಿ ಗೆಲ್ಲುವುದು ಹೇಗೆ ಎಂಬುದು ಈ ಕಥೆಯ ಚೆಂದದ ಒಗಟು. ‘ಕೊಲೆಸ್ಟರಾಲ್ ಕಾರಣದಿಂದಲೇ’ ಎಂದು ಒಂದೇ ಏಟಿಗೆ ಹೇಳಿಬಿಡುವ ವಿವರಣೆಗಳನ್ನು ಸ್ವಲ್ಪ ದೂರವಿಟ್ಟು ಓದುವುದು ಒಳ್ಳೆಯದು.

ಏಷ್ಯಾದಲ್ಲಿ ಅರ್ಧ ಶತಮಾನ ಏಕೆ ಆಗಲಿಲ್ಲ

ಚಿಕುನ್‌ಗುನ್ಯ ವಂಶವೃಕ್ಷದಲ್ಲಿ ಮೂರು ದೊಡ್ಡ ಕವಲು: ಪಶ್ಚಿಮ ಆಫ್ರಿಕದ್ದು, ಪೂರ್ವ-ಮಧ್ಯ-ದಕ್ಷಿಣ ಆಫ್ರಿಕದ್ದು, ಇದನ್ನು ಇಸಿಎಸ್‌ಎ ಎನ್ನುತ್ತಾರೆ, ಮತ್ತು ಇಸಿಎಸ್‌ಎ ಪೂರ್ವಜರಿಂದ ಒಡೆದು ಬಂದ ಏಷ್ಯನ್. ಆಫ್ರಿಕದ ಕಾಡುಗಳಲ್ಲಿ ಇದು ಮಂಗಗಳು ಮತ್ತು ಮರದ ಪೊಟರೆಯ ಈಡಿಸ್ ಸೊಳ್ಳೆಗಳ ನಡುವೆ ಸುತ್ತುತ್ತಿರುತ್ತದೆ. ಏಷ್ಯಾದಲ್ಲಿ ಮನುಷ್ಯ-ಈಜಿಪ್ಟಿ-ಮನುಷ್ಯ ಚಕ್ರದಲ್ಲೇ ಉಳಿಯಿತು. 1958ರಲ್ಲಿ ಬ್ಯಾಂಕಾಕ್, 1963ರಲ್ಲಿ ಕೋಲ್ಕತ್ತ, 1964ರಲ್ಲಿ ಚೆನ್ನೈ ಮತ್ತು ವೆಲ್ಲೂರು, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿ. ಆಮೇಲೆ ಭಾರತದಲ್ಲಿ ಮೂರು ದಶಕ ಸದ್ದಿಲ್ಲ.

ಆಲ್ಬೊಪಿಕ್ಟಸ್‌ನ ತವರೇ ಆಗ್ನೇಯ ಏಷ್ಯಾ. ಏಷ್ಯನ್ ಕವಲಿನ ವೈರಸ್ ಅದೇ ನೆಲದಲ್ಲಿ ಅರ್ಧ ಶತಮಾನ ಇತ್ತು. ಮೇಲಿನ ಲೆಕ್ಕದಂತೆ ಎ226ವಿ ಎಷ್ಟೋ ಕೋಟಿ ಸಲ ಹುಟ್ಟಿರಲೇಬೇಕು. ಆದರೂ ಅಲ್ಲಿ ನೆಲೆಯೂರಲಿಲ್ಲ. ಆಫ್ರಿಕದಿಂದ ಹೊರಟ ಇಸಿಎಸ್‌ಎ ವೈರಸ್‌ಗಾದರೋ ಒಂದು ವರ್ಷ ಸಾಕಾಯಿತು.

ಉತ್ತರ ಇ1ರದೇ 98ನೇ ಸ್ಥಾನದಲ್ಲಿದೆ. ಏಷ್ಯನ್ ಕವಲಿನಲ್ಲಿ ಅಲ್ಲಿ ಥ್ರಿಯೊನಿನ್, ಇಸಿಎಸ್‌ಎಯಲ್ಲಿ ಅಲನಿನ್. 98ರಲ್ಲಿ ಥ್ರಿಯೊನಿನ್ ಇದ್ದಾಗ 226ಕ್ಕೆ ವ್ಯಾಲಿನ್ ಬಂದರೂ ಆಲ್ಬೊಪಿಕ್ಟಸ್‌ನಲ್ಲಿ ಲಾಭ ಕಾಣದು. ಪ್ರಯೋಗಾಲಯದಲ್ಲಿ ಆ ಥ್ರಿಯೊನಿನ್ ತೆಗೆದು ಅಲನಿನ್ ಹಾಕಿದರೆ ವ್ಯಾಲಿನ್ ಮತ್ತೆ ಕೆಲಸ ಮಾಡುತ್ತದೆ. ಲಾಭ ಬೇಕಾದರೆ ಎರಡು ತಿದ್ದುಪಡಿ ಒಟ್ಟಿಗೆ ಬೇಕು; ಒಂದೊಂದೇ ಬಂದರೆ ಆರಿಸಿಕೊಳ್ಳಲು ನಿಸರ್ಗದ ಆಯ್ಕೆಗೆ ಏನೂ ಸಿಗುವುದಿಲ್ಲ. ಯಾವುದೋ ಕಾಲದಲ್ಲಿ ಕೆಲವೇ ವೈರಸ್‌ಗಳು ಏಷ್ಯಾಕ್ಕೆ ದಾಟಿದಾಗ ಅವುಗಳ ಜೊತೆ ಬಂದ ಒಂದು ಅಕ್ಷರ ಐವತ್ತು ವರ್ಷ ದಾರಿ ಮುಚ್ಚಿತ್ತು.

ಇ2ರ 211ನೇ ಸ್ಥಾನವೂ ಇಂಥದ್ದೇ ಕಾವಲುಗಾರ. ಅಲ್ಲಿ ಥ್ರಿಯೊನಿನ್ ಇದ್ದರೆ ಎ226ವಿ ಪೂರ್ಣ ಫಲ ಕೊಡುತ್ತದೆ, ಐಸೊಲ್ಯೂಸಿನ್ ಇದ್ದರೆ ಫಲ ತಗ್ಗುತ್ತದೆ. ಒಂದೇ ಮ್ಯುಟೇಶನ್ ಹೆಸರಿನ ಪಟ್ಟಿ ನೋಡಿ ‘ಅಪಾಯಕಾರಿ’ ಎಂದು ಬಣ್ಣ ಬಳಿಯುವ ತಂತ್ರಾಂಶಗಳು ಎಡವುವುದು ಇಲ್ಲೇ.

ಕೆನ್ಯಾ ಕರಾವಳಿಯಿಂದ ಎರಡು ದಾರಿ

2004ರ ಮಧ್ಯದಲ್ಲಿ ಕೆನ್ಯಾದ ಲಾಮು ದ್ವೀಪದಲ್ಲಿ ರೋಗ ಸ್ಫೋಟಿಸಿತು. ಬರಗಾಲ, ಜನ ಮನೆಗಳಲ್ಲಿ ನೀರು ಕೂಡಿಟ್ಟಿದ್ದರು, ಸೊಳ್ಳೆಗೆ ಅದೇ ತೊಟ್ಟಿಲು. ಆಮೇಲೆ ಮೊಂಬಾಸಾ, 2005ರಲ್ಲಿ ಕೊಮೊರೊಸ್, ರಿಯೂನಿಯನ್. ಇನ್ನೊಂದು ಎಳೆ 2005ರ ಕೊನೆಗೆ ಭಾರತ ತಲುಪಿ ಆಂಧ್ರಪ್ರದೇಶ, ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಹಬ್ಬಿತು. 2006ರಲ್ಲಿ ದೇಶದಲ್ಲಿ ದಾಖಲಾದ ಶಂಕಿತ ಪ್ರಕರಣ ಸುಮಾರು 13.9 ಲಕ್ಷ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದು. ಹಳೆಯ ಏಷ್ಯನ್ ಕವಲು ಮತ್ತೆ ಎದ್ದಿತೆಂದು ಊಹಿಸಿದ್ದವರಿಗೆ ಸೀಕ್ವೆನ್ಸ್ ಬೇರೆ ಉತ್ತರ ಕೊಟ್ಟಿತು: ಇದು ಇಸಿಎಸ್‌ಎ. ಈ ಹೊಸ ರೆಂಬೆಗೆ ಈಗ ಹಿಂದೂ ಮಹಾಸಾಗರದ ಕವಲು ಎಂದೇ ಹೆಸರು.

ಗಮನಿಸಬೇಕಾದ್ದು, 2006ರ ಭಾರತದ ವೈರಸ್‌ಗಳಲ್ಲಿ 226ನೇ ಜಾಗದಲ್ಲಿದ್ದದ್ದು ಅಲನಿನ್. ಬಯಲುಸೀಮೆಯ ಊರುಗಳಲ್ಲಿ ಕೂಡಿಟ್ಟ ನೀರು, ಈಜಿಪ್ಟಿ ಸೊಳ್ಳೆ. ವ್ಯಾಲಿನ್ ಅಲ್ಲಿ ಬೇಕಿರಲಿಲ್ಲ. 2007ರಲ್ಲಿ ಕೇರಳದ ರಬ್ಬರ್ ತೋಟಗಳ ಸೀಮೆಗೆ ಬಂದಾಗ ಸೊಳ್ಳೆ ಬದಲಾಯಿತು: ರಬ್ಬರ್ ಹಾಲು ಹಿಡಿಯುವ ಬಟ್ಟಲಲ್ಲಿ ಮಳೆನೀರು ನಿಂತರೆ ಅಲ್ಲಿ ಮೊಟ್ಟೆ ಇಡುವುದು ಆಲ್ಬೊಪಿಕ್ಟಸ್. ಆ ವರ್ಷದ ಕೇರಳದ ಮಾದರಿಗಳಲ್ಲಿ ಎ226ವಿ ಕಾಣಿಸಿತು, 2008ರಲ್ಲಿ ಕರ್ನಾಟಕದ ಕರಾವಳಿಯಲ್ಲೂ. ಇದು ರಿಯೂನಿಯನ್‌ನಿಂದ ಬಂದದ್ದೇ? ವಂಶವೃಕ್ಷ ಅಲ್ಲ ಎನ್ನುತ್ತದೆ. ಕೇರಳದ ವೈರಸ್‌ಗಳು ರಿಯೂನಿಯನ್ ಗೊಂಚಲಿನಲ್ಲಿ ಕೂರುವುದಿಲ್ಲ. ಅಲನಿನ್ ಇದ್ದ ಭಾರತೀಯ ವೈರಸ್‌ಗಳ ಗೊಂಚಲಿನೊಳಗಿಂದ ಹೊರಡುತ್ತವೆ. ಅಂದರೆ ಅದೇ ತಿದ್ದುಪಡಿ ಇಲ್ಲಿ ಇನ್ನೊಮ್ಮೆ, ಸ್ವತಂತ್ರವಾಗಿ ನೆಲೆಯೂರಿತು. ಮಧ್ಯ ಆಫ್ರಿಕದ ಗಬಾನ್-ಕ್ಯಾಮರೂನ್‌ನಲ್ಲೂ, ಆಲ್ಬೊಪಿಕ್ಟಸ್ ಹೊಸದಾಗಿ ಬೇರೂರಿದ್ದ ಕಡೆ, ಹಾಗೇ ಆಯಿತು. ಬೇರೆ ಬೇರೆ ದೇಶದಲ್ಲಿ, ಬೇರೆ ಬೇರೆ ರೆಂಬೆಯಲ್ಲಿ, ಒಂದೇ ಅಕ್ಷರ ಒಂದೇ ರೀತಿ ಬದಲಾದರೆ ಆಯ್ಕೆ ಕೆಲಸ ಮಾಡಿದೆ ಎನ್ನಲು ಅದಕ್ಕಿಂತ ಗಟ್ಟಿ ಸಾಕ್ಷಿ ಸೀಕ್ವೆನ್ಸ್‌ಗಳಿಂದ ಸಿಗುವುದು ಕಡಿಮೆ.

ಕೇರಳದಲ್ಲಿ ಅದು ಅಲ್ಲಿಗೇ ನಿಲ್ಲಲಿಲ್ಲ. 2009ರ ಮಾದರಿಗಳಲ್ಲಿ ಇ2ರ 210ನೇ ಸ್ಥಾನದಲ್ಲಿ ಲ್ಯೂಸಿನ್ ಬದಲು ಗ್ಲುಟಮಿನ್ ಬಂದಿತ್ತು. ಇದು ಆಲ್ಬೊಪಿಕ್ಟಸ್‌ನ ಮಧ್ಯಕರುಳಿನ ಸೋಂಕನ್ನು ಇನ್ನೂ ನಾಲ್ಕೈದು ಪಟ್ಟು ಸುಲಭ ಮಾಡುತ್ತದೆ. ಮೊದಲ ಮೆಟ್ಟಿಲು ನೂರು ಪಟ್ಟು, ಎರಡನೆಯದು ಐದು ಪಟ್ಟು. ಹೊಂದಾಣಿಕೆಯ ಲಾಭ ಹೀಗೆ ಇಳಿಯುತ್ತಾ ಹೋಗುವುದು ಸಹಜ.

2007ರ ಬೇಸಿಗೆಯಲ್ಲಿ ಇಟಲಿಯ ರವೆನ್ನಾ ಪ್ರಾಂತದ ಕಸ್ತಿಲ್ಯೋನೆ ದಿ ಚೆರ್ವಿಯಾ ಎಂಬ ಹಳ್ಳಿಯಲ್ಲಿ ಜನರಿಗೆ ಕೀಲುನೋವಿನ ಜ್ವರ ಶುರುವಾಯಿತು. ಕೇರಳದಿಂದ ಬಂದ ಒಬ್ಬ ಪ್ರಯಾಣಿಕರು ಮೂಲ. ಇನ್ನೂರಕ್ಕೂ ಹೆಚ್ಚು ಜನರಿಗೆ ಹರಡಿತು. ಸೊಳ್ಳೆ ಅಲ್ಲಿ ಮೊದಲೇ ಕಾದಿತ್ತು. ಹಳೆಯ ಟೈರುಗಳ ವ್ಯಾಪಾರದಲ್ಲಿ, ಒಣಗಿದರೂ ಸಾಯದ ಮೊಟ್ಟೆಗಳ ರೂಪದಲ್ಲಿ ಆಲ್ಬೊಪಿಕ್ಟಸ್ 1990ರಲ್ಲೇ ಇಟಲಿಗೆ ಬಂದಿಳಿದಿತ್ತು.

ಇಷ್ಟಾದ ಮೇಲೆ ಎ226ವಿ ಲೋಕವನ್ನೆಲ್ಲ ಆಳೀತು ಎಂಬ ನಿರೀಕ್ಷೆ ಇತ್ತು. 2013ರ ಡಿಸೆಂಬರ್‌ನಲ್ಲಿ ಕೆರಿಬಿಯನ್‌ನ ಸೇಂಟ್ ಮಾರ್ಟಿನ್‌ಗೆ ಬಂದದ್ದು ಹಳೆಯ ಏಷ್ಯನ್ ಕವಲು, 98ರಲ್ಲಿ ಥ್ರಿಯೊನಿನ್ ಇಟ್ಟುಕೊಂಡದ್ದು. ಅಮೆರಿಕ ಖಂಡಗಳ ಊರುಗಳಲ್ಲಿ ಈಜಿಪ್ಟಿ ಧಾರಾಳ, ಜನರಲ್ಲಿ ಪ್ರತಿರೋಧ ಶೂನ್ಯ. ಒಂದು ವರ್ಷದಲ್ಲಿ ಶಂಕಿತ ಪ್ರಕರಣ ಹತ್ತು ಲಕ್ಷ ದಾಟಿತು. 2014ರಲ್ಲಿ ಬ್ರೆಜಿಲ್‌ಗೆ ಎರಡು ಬಾಗಿಲಿನಿಂದ ಬಂತು: ಉತ್ತರದ ಒಯಾಪೊಕಿಗೆ ಏಷ್ಯನ್, ಬಹಿಯಾದ ಫೇರಾ ದಿ ಸಂತಾನಾಗೆ ಅಂಗೋಲಾ ಕಡೆಯಿಂದ ಇಸಿಎಸ್‌ಎ. ದೇಶವನ್ನು ಹಿಡಿದದ್ದು ಎರಡನೆಯದು, 226ರಲ್ಲಿ ಅಲನಿನ್ ಇಟ್ಟುಕೊಂಡೇ.

ಭಾರತದಲ್ಲೂ ಗಾಳಿ ತಿರುಗಿತು. 2010ರ ನಂತರ ನಗರಗಳಲ್ಲಿ ಹೆಚ್ಚಿದ್ದು 226 ಅಲನಿನ್ ಹಿನ್ನೆಲೆಯಲ್ಲಿ ಇ1 ಕೆ211ಇ ಮತ್ತು ಇ2 ವಿ264ಎ ಎಂಬ ಜೋಡಿ ತಿದ್ದುಪಡಿ. ಇದು ಈಜಿಪ್ಟಿಗೆ ಒಗ್ಗುವ ಜೋಡಿ. ಅಂಥದೇ ವೈರಸ್ 2017ರಲ್ಲಿ ಇಟಲಿಯ ಆನ್‌ತ್ಸಿಯೊ ಪಟ್ಟಣ ಮುಟ್ಟಿತು. ಅಲ್ಲಿ ಈಜಿಪ್ಟಿ ಇಲ್ಲ, ಆಲ್ಬೊಪಿಕ್ಟಸ್ ಮಾತ್ರ. ಆದರೂ ನೂರಾರು ಜನರಿಗೆ ಹರಡಿತು. ಎ226ವಿ ಇಲ್ಲದಿದ್ದರೆ ಆಲ್ಬೊಪಿಕ್ಟಸ್ ಊರು ಸುರಕ್ಷಿತ ಎಂದು ಪಾಠ ಮಾಡುತ್ತಿದ್ದವರು ಟಿಪ್ಪಣಿ ತಿದ್ದಬೇಕಾಯಿತು. ಸೊಳ್ಳೆ ದಟ್ಟವಾಗಿದ್ದು ಬಿಸಿಲು ಹೆಚ್ಚಿದ್ದರೆ, ಹೊಂದಾಣಿಕೆ ಕಡಿಮೆ ಇರುವ ವೈರಸ್ಸೂ ಒಂದು ಬೇಸಿಗೆ ಸಾಗಿಸಬಲ್ಲದು.

ಸೀಕ್ವೆನ್ಸ್ ಎಲ್ಲಿ ಸುಳ್ಳು ಹೇಳುತ್ತದೆ

ಇದೆಲ್ಲ ತಿಳಿದದ್ದು ರಕ್ತದ ಮಾದರಿಯಿಂದ. ಜ್ವರ ಬಂದ ಮೊದಲ ಐದು ದಿನದೊಳಗೆ ತೆಗೆದ ಸೀರಮ್ ಬೇಕು. ಆಮೇಲೆ ಪ್ರತಿಕಾಯ ಸಿಗುತ್ತದೆ, ವೈರಸ್ ಸಿಗದು. ಮೈನಸ್ 80 ಡಿಗ್ರಿಯಲ್ಲಿಡಬೇಕು, ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಆರ್‌ಎನ್‌ಎ ತುಂಡಾಗುತ್ತದೆ. ಪಿಸಿಆರ್‌ನ ಸಿಟಿ ಮೌಲ್ಯ (ಕಡಿಮೆಯಾದಷ್ಟೂ ವೈರಸ್ ಹೆಚ್ಚು) 30ಕ್ಕಿಂತ ಕೆಳಗಿದ್ದರೆ ಪೂರ್ಣ ಜೀನೋಮ್ ನಿರೀಕ್ಷಿಸಬಹುದು, ಮೇಲಿದ್ದರೆ ತೂತುಗಳು. ಸಾಮಾನ್ಯ ವಿಧಾನ: ಜೀನೋಮನ್ನು ಸುಮಾರು 400 ಅಕ್ಷರಗಳ, ಅಂಚಿನಲ್ಲಿ ಒಂದರ ಮೇಲೊಂದು ಬರುವ 35–40 ತುಂಡುಗಳಾಗಿ, ಬೆಸ ತುಂಡು ಒಂದು ಟ್ಯೂಬಿನಲ್ಲಿ, ಸಮ ತುಂಡು ಇನ್ನೊಂದರಲ್ಲಿ ಹೆಚ್ಚಿಸುವುದು. ಪಕ್ಕಪಕ್ಕದ ತುಂಡುಗಳನ್ನು ಒಂದೇ ಟ್ಯೂಬಿಗೆ ಹಾಕಿದರೆ ಅಂಚಿನ ಗಿಡ್ಡ ತುಂಡೇ ಗೆದ್ದುಬಿಡುತ್ತದೆ.

ದೊಡ್ಡ ತಪ್ಪು ಆಗುವುದು ಕಂಪ್ಯೂಟರ್ ಹಂತದಲ್ಲಿ. ವೈರಸ್ ಬದಲಾಗಿ, ತುಂಡಿನ ನಕಲು ಶುರುಮಾಡುವ ಪ್ರೈಮರ್ ಅಂಟದೆ ಒಂದು ತುಂಡು ಬಿದ್ದುಹೋಯಿತು ಎನ್ನಿ. ಆ ಜಾಗದಲ್ಲಿ ‘ಗೊತ್ತಿಲ್ಲ’ ಎಂಬರ್ಥದ ಎನ್ ಅಕ್ಷರ ಬರಬೇಕು. ಸರಿಯಾಗಿ ಹೊಂದಿಸದ ತಂತ್ರಾಂಶ ಅಲ್ಲಿ ಹೋಲಿಕೆಗೆ ಇಟ್ಟುಕೊಂಡ ಜೀನೋಮಿನ ಅಕ್ಷರವನ್ನೇ ತುಂಬಿಬಿಡುತ್ತದೆ. ಬಿದ್ದ ತುಂಡು 10,670ನ್ನು ಒಳಗೊಂಡಿದ್ದು, ಹೋಲಿಕೆಯ ಜೀನೋಮ್ 1953ರ ಎಸ್27 ತಳಿಯದಾಗಿದ್ದರೆ ಎಲ್ಲ ರೋಗಿಗಳಲ್ಲೂ ಅಲನಿನ್ ಕಾಣುತ್ತದೆ. ಹೋಲಿಕೆಯ ಜೀನೋಮ್ ರಿಯೂನಿಯನ್‌ನದಾಗಿದ್ದರೆ ಎಲ್ಲರಲ್ಲೂ ವ್ಯಾಲಿನ್. ಯಾರ ರಕ್ತದಲ್ಲೂ ಇಲ್ಲದ ‘ಆವಿಷ್ಕಾರ’ ಹೀಗೆ ಹುಟ್ಟುತ್ತದೆ. ಒಂದು ಜಾಗವನ್ನು ಯಂತ್ರ ಕನಿಷ್ಠ 20 ಸಲ ಓದಿರದಿದ್ದರೆ ಎನ್ ಎಂದೇ ಬರೆಯುವುದು ಸರಿಯಾದ ಅಭ್ಯಾಸ. ಬರೀ ನೀರು ಹಾಕಿದ ಟ್ಯೂಬಿನಲ್ಲೂ ವೈರಸ್ ಓದು ಬಂದರೆ ಆ ಸರದಿ ಪೂರ್ತಿ ಎಸೆಯಬೇಕು.

ಹಳೆಯ ಸೀಕ್ವೆನ್ಸ್‌ಗಳಿಗೆ ಬೇರೆ ರೋಗ: ಅವು ಇಲಿಮರಿಯ ಮಿದುಳಿನಲ್ಲೋ ಕೋಶಕೃಷಿಯಲ್ಲೋ ಹಲವು ಸಲ ಬೆಳೆಸಿದ ವೈರಸ್‌ಗಳವು. ತಟ್ಟೆಯಲ್ಲಿ ಬೆಳೆಯುವ ವೈರಸ್ ತಟ್ಟೆಗೆ ಒಗ್ಗಿಕೊಳ್ಳುತ್ತದೆ. 1962ರ ಥಾಯ್ ವೈರಸನ್ನು ಮನುಷ್ಯ ಕೋಶಗಳಲ್ಲಿ 18 ಬಾರಿ ಬೆಳೆಸಿ ತಯಾರಿಸಿದ 181/25 ಎಂಬ ಲಸಿಕೆ ತಳಿಯನ್ನು ಸೌಮ್ಯಗೊಳಿಸಿದ್ದು ಇ2ರ 12 ಮತ್ತು 82ನೇ ಸ್ಥಾನದ ಎರಡೇ ಬದಲಾವಣೆ. ಇ2ರ 82ರಲ್ಲಿ ಆ ತಳಿಯಂತೆ ಅರ್ಜಿನಿನ್ ಕಂಡರೆ, ರೋಗ ಬದಲಾಯಿತು ಎನ್ನುವ ಮೊದಲು ಮಾದರಿಯ ಕೋಶಕೃಷಿ ಚರಿತ್ರೆ ಕೇಳಿ.

ಇನ್ನೊಂದು, ಭೂಪಟದ ಮೇಲೆ ಬಾಣ ಎಳೆಯುವಾಗಿನ ಎಚ್ಚರ. ಹೆಚ್ಚು ಸೀಕ್ವೆನ್ಸ್ ಮಾಡುವ ದೇಶ ವಂಶವೃಕ್ಷದಲ್ಲಿ ಸುಮ್ಮಸುಮ್ಮನೆ ‘ಮೂಲ’ವಾಗಿ ಕಾಣುತ್ತದೆ. ಎರಡು ದೇಶಗಳ ವೈರಸ್ ನಡುವಿನ ರೆಂಬೆ ಉದ್ದವಾಗಿದ್ದರೆ, ಅಂದರೆ ಹತ್ತು-ಹದಿನೈದು ಅಕ್ಷರಗಳ ಅಂತರವಿದ್ದರೆ, ವರ್ಷಕ್ಕೆ ಆರರ ಲೆಕ್ಕದಲ್ಲಿ ನಡುವೆ ಎರಡು ವರ್ಷದ ಕಾಣದ ಓಡಾಟವಿದೆ. ಬಾಣವನ್ನು ನೇರ ಎಳೆಯಬಾರದು. ನಡುವೆ ಮಾದರಿಯೇ ತೆಗೆಯದ ಮೂರನೇ ದೇಶ ಇರಬಹುದು.

ಇಷ್ಟು ಬದಲಾದರೂ ಒಂದು ವಿಷಯ ಬದಲಾಗಿಲ್ಲ. ಚಿಕುನ್‌ಗುನ್ಯಕ್ಕೆ ಇರುವುದು ಒಂದೇ ಸೀರೋಟೈಪ್; ಒಂದು ಕವಲಿನಿಂದ ಬಂದ ಪ್ರತಿರೋಧ ಉಳಿದ ಕವಲುಗಳನ್ನೂ ತಡೆಯುತ್ತದೆ. ಡೆಂಗಿಯ ನಾಲ್ಕು ಬಗೆಯ ತಲೆನೋವು ಇಲ್ಲಿಲ್ಲ. 2023ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಮೊದಲ ಒಪ್ಪಿಗೆ ಪಡೆದ ಲಸಿಕೆ ರಿಯೂನಿಯನ್ ವೈರಸ್‌ನ ಎನ್‌ಎಸ್‌ಪಿ3ರ ಒಂದು ತುಂಡು ಕತ್ತರಿಸಿ ಮಾಡಿದ್ದು. 2025ರ ಫೆಬ್ರುವರಿಯಲ್ಲಿ ಒಪ್ಪಿಗೆ ಪಡೆದ ಎರಡನೆಯ ಲಸಿಕೆ ಪಶ್ಚಿಮ ಆಫ್ರಿಕದ ಕವಲಿನ ಹೊರಕವಚದಿಂದ ಮಾಡಿದ್ದು. ಮೊದಲನೆಯದರ ಪರವಾನಗಿಯನ್ನು ಅಡ್ಡಪರಿಣಾಮಗಳ ಕಾರಣಕ್ಕೆ ಅಲ್ಲಿ 2025ರ ಆಗಸ್ಟ್‌ನಲ್ಲಿ ಅಮಾನತಿನಲ್ಲಿಟ್ಟರು.

ರಿಯೂನಿಯನ್‌ಗೆ 2024ರ ಆಗಸ್ಟ್‌ನಲ್ಲಿ ವೈರಸ್ ಮತ್ತೆ ಬಂತು. ಹಿಂದಿನ ಅಲೆಯ ನಂತರ ಹುಟ್ಟಿದವರಲ್ಲಿ ಪ್ರತಿರೋಧ ಇರಲಿಲ್ಲ. 2025ರ ಮಧ್ಯದ ಹೊತ್ತಿಗೆ ಖಚಿತವಾದ ಪ್ರಕರಣಗಳೇ 50 ಸಾವಿರ ದಾಟಿದ್ದವು. ಸೊಳ್ಳೆ ಅದೇ ಆಲ್ಬೊಪಿಕ್ಟಸ್, ಕವಲು ಇಸಿಎಸ್‌ಎ, 226ರಲ್ಲಿ ಮತ್ತೆ ವ್ಯಾಲಿನ್.